ನಿನ್ನವ್ವನ ಎರಡು ಸೆಕೆಂಡು

ಯಳಂದೂರು ಸೀಮೆ,
ಬೇಗೆತಿಂಗಳ ಮೂವತ್ತಮೂರನೆಯ ದಿನ, ಕೆರೆಯೆಣಿಕೆ ೪೮.
ನಿನ್ನ ಕ್ಯಾಲೆಂಡರಿನಲ್ಲಿ ಈ ತಾರೀಖು ಸಿಗುವುದಿಲ್ಲ. ಸುಮಾರು ೨೧೭೪ ಎಂದುಕೋ.

ಗುರುಮಲ್ಲುವಿಗೆ,

ನನ್ನ ಮಾತು ನಿನಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸು. ನಿನ್ನ ಕಾಲದ ಕನ್ನಡವನ್ನು ನಾನು ಕಲಿತದ್ದು ನೀನು ಮದುವೆ ವೀಡಿಯೋ ತುಂಬಿಡುತ್ತಿದ್ದ ಹಾರ್ಡ್ ಡಿಸ್ಕಿನಲ್ಲಿ ಉಳಿದ ಕಡತಗಳಿಂದ. ಎಲ್ಲಾದರೂ ಪ್ಯಾಕೇಜು, ಡೆಲಿವರಿ ಎಂಬ ಪದಗಳು ಅತಿಯಾದರೆ ಅದು ನಿನ್ನದೇ ಬಳುವಳಿ. ಏಕವಚನಕ್ಕೆ ಮಾತ್ರ ಕ್ಷಮೆ ಕೇಳುವುದಿಲ್ಲ. ನೀನು ಆರು ತಲೆಮಾರು ಹಿಂದಿನ ಅಜ್ಜನಾದರೂ ಈ ಕಾಗದ ಸೇರಬೇಕಾದದ್ದು ಅವ್ವ ಇನ್ನೂ ಬದುಕಿರುವ, ಮೂವತ್ತೊಂದು ವರ್ಷದ ಗುರುಮಲ್ಲುವಿಗೆ. ನನಗೆ ಐವತ್ತನಾಲ್ಕು. ಹೆಸರು ಪುಟ್ಟಮಾದಿ. ನಿನ್ನ ತಾಯಿ ಪುಟ್ಟಮಾದಮ್ಮನ ಹೆಸರನ್ನೇ ನನಗೆ ಇಟ್ಟಿದ್ದಾರೆ.

ನಾಳೆ ನನ್ನ ಮಗಳು ಚಿಗುರಿಗೆ ಅರಿಶಿನ ಹಚ್ಚುತ್ತೇವೆ. ಅವಳು ನನ್ನಲ್ಲಿ ಕೇಳಿದ್ದು ಒಂದೇ: ದನಿಯಿರುವ ಸೋಬಾನೆ. ಅದನ್ನು ಕೊಡಲಾಗದೆ ಈ ಕಾಗದ ಬರೆಯುತ್ತಿದ್ದೇನೆ.

ನಮ್ಮ ಮದುವೆಗಳು ಹೇಗೆ ನಡೆಯುತ್ತವೆಂದು ಹೇಳಿದರೆ ನಿನಗೆ ಅರ್ಥವಾದೀತು. ಬೇಗೆ ಏರುವ ಮೊದಲು, ಬೆಳಗಿನ ಜಾವ, ನೆರಳುಬಟ್ಟೆಯ ಅಡಿಯಲ್ಲಿ ನಡೆಯುತ್ತವೆ. ನೆರಳುಬಟ್ಟೆ ಎಂದರೆ ಬಿಸಿಲನ್ನು ಕುಡಿದು ತಂಪು ಬಿಡುವ ಚಪ್ಪರ. ನಡುವೆ ಹಿಂದಿನವರ ಪದ್ಧತಿಯೆಲ್ಲ ಮರೆತುಹೋಗಿ ಮೂರು ತಲೆಮಾರು ಕಳೆದಿದ್ದವು. ಆಮೇಲೆ ನಿನ್ನಂಥವರ ಮದುವೆ ಸಿನಿಮಾಗಳನ್ನು ನೋಡಿ ಎಲ್ಲವನ್ನೂ ಮತ್ತೆ ಕಲಿತೆವು. ಆದ್ದರಿಂದ ನಮ್ಮ ಮದುಮಗ ಚಪ್ಪರಕ್ಕೆ ಬರುವಾಗ ನೀರಿನಲ್ಲಿ ನಡೆದ ಹಾಗೆ ಒಂದೊಂದೇ ಹೆಜ್ಜೆ ಇಡುತ್ತಾನೆ. ಐವತ್ತು ಗಜಕ್ಕೆ ಕಾಲು ಗಂಟೆ. ಮದುಮಗಳು ಮೂರು ಸಲ ಹಿಂತಿರುಗಿ ನೋಡಿ ನಗಬೇಕು, ಯಾರೂ ಇಲ್ಲದಿದ್ದರೂ. ಅದು ಶಾಸ್ತ್ರವಲ್ಲ, ನಿನ್ನ ಸ್ಲೋ ಮೋಷನ್ ಎಂದು ನಾನು ಹೇಳಿದರೆ ಹಿರಿಯರು ನನ್ನನ್ನು ಬಾಯಿಬಡುಕಿ ಎನ್ನುತ್ತಾರೆ.

ಅರಿಶಿನ ಹಚ್ಚುವಾಗ ತುಟಿಸೇವೆ ಎಂಬುದೊಂದಿದೆ. ಐದು ಜನ ಮುತ್ತೈದೆಯರು ಮದುಮಗಳ ಸುತ್ತ ನಿಂತು, ದನಿ ತೆಗೆಯದೆ ತುಟಿಗಳನ್ನು ಮಾತ್ರ ಆಡಿಸುತ್ತಾರೆ. ಯಾಕೆಂದರೆ ನಿನ್ನ ಸಿನಿಮಾಗಳಲ್ಲಿ ಹಾಗೇ ಇದೆ. ಹೆಂಗಸರ ಬಾಯಿ ಆಡುತ್ತದೆ, ಕೇಳಿಸುವುದು ಯಾವುದೋ ಸಿನಿಮಾ ಟ್ಯೂನು. ಇನ್ನೂರು ಮದುವೆ ತೆಗೆದಿದ್ದೀಯ ಮಹರಾಯ, ಇನ್ನೂರರಲ್ಲೂ ನಿಮ್ಮ ಕಾಲದವರೆಲ್ಲ ಮೂಕರು.

ನಾನೂ ನಿನ್ನ ಕಸುಬಿನವಳೇ. ನಮ್ಮನ್ನು ಒಂಟಿಗಣ್ಣು ಎನ್ನುತ್ತಾರೆ: ಜೊತೆಗೆ ಯಾರೂ ಇಲ್ಲದೆ, ಹಣೆಯ ಮೇಲೆ ಕಡಲೆಕಾಳಿನಷ್ಟು ಕ್ಯಾಮೆರಾ ಅಂಟಿಸಿಕೊಂಡು ಮನೆಮನೆಗೆ ಹೋಗುವವರು. ನಾನು ಕೊಡುವುದು ಹಸಿಚಿತ್ರ, ಅಂದರೆ ಏನನ್ನೂ ಕತ್ತರಿಸದ್ದು. ಅಜ್ಜನ ಕೆಮ್ಮು, ಪಾತ್ರೆ ಬಿದ್ದ ಸದ್ದು, ಬೀಗರ ಜಗಳ ಎಲ್ಲ ಇರುತ್ತದೆ. ಜನ ನೋಡಿ ಮುಖ ಸಿಂಡರಿಸಿ, ಮುಂದಿನ ಮದುವೆಗೆ ಬೇರೆಯವರನ್ನು ಕರೆಯುತ್ತಾರೆ. ನಿನ್ನ ಬಿಸಿನೆಸ್ ಬೆಳೆಯಿತು, ನನ್ನದು ಬೆಳೆಯಲಿಲ್ಲ. ಹೊಟ್ಟೆಕಿಚ್ಚು ಎಂದರೆ ಹೌದು, ಅದೂ ಇದೆ.

ಆದರೆ ನಿನ್ನ ಬಿಸಿನೆಸ್ ಹೇಗೆ ಶುರುವಾಯಿತೆಂದು ನಿನಗೆ ನೆನಪಿರಲಿ. ಬಾಡಿಗೆ ಕ್ಯಾಮೆರಾ ಹಿಡಿದು ಕೂತಿದ್ದ ನಿನ್ನನ್ನು ಯಾರೂ ಕರೆಯುತ್ತಿರಲಿಲ್ಲ. ಸುತ್ತ ಹದಿನೆಂಟು ಊರಲ್ಲಿ ಸೋಬಾನೆಗೆ ಪುಟ್ಟಮಾದಮ್ಮನೇ ಬರಬೇಕಿತ್ತು. ಹೋದಲ್ಲೆಲ್ಲ ಅವಳು ಸೆರಗಿನ ಗಂಟಿನಿಂದ ನಿನ್ನ ವಿಸಿಟಿಂಗ್ ಕಾರ್ಡು ತೆಗೆದು, "ನನ್ ಮಗ ವೀಡಿಯೋ ಹಿಡಿತನ ಕನವ್ವ, ಅವನ್ನೇ ಕರೀರಿ" ಅನ್ನುತ್ತಿದ್ದಳಂತೆ. ನಿನ್ನ ಮೊದಲ ನಲವತ್ತು ಮದುವೆ ಅವಳ ಬಾಯಿಂದ ಬಂದವು. ಆ ಬಾಯನ್ನೇ ನೀನು ಮುಚ್ಚಿಸಿದೆ.

ಒಮ್ಮೆ ತಾನು ಹಾಡಿದ ಮದುವೆಯ ಸಿನಿಮಾ ನೋಡಿ ಅವಳು ಕೇಳಿದಳಂತೆ: "ಎಲ್ಲ ಚೆಂದಾಗದ ಕನಪ್ಪ. ನನ್ ಬಾಯಿ ಆಡ್ತದ, ದನಿ ಎಲ್ಲೋಯ್ತು?" ಈ ಒಂದು ಮಾತು ನಮ್ಮ ಮನೆಯಲ್ಲಿ ಆರು ತಲೆಮಾರಿನಿಂದ ಬಾಯಿಂದ ಬಾಯಿಗೆ ಬಂದಿದೆ. ನೀನು ಏನು ಉತ್ತರ ಕೊಟ್ಟೆ ಎಂಬುದು ಬಂದಿಲ್ಲ. ಕೊಟ್ಟಿದ್ದರೆ ಬರುತ್ತಿತ್ತು.

ಸೊಸೆಯರು, ಮೊಮ್ಮಕ್ಕಳು ಅವಳ ಹಾಡನ್ನು ಯಾಕೆ ಕಲಿಯಲಿಲ್ಲ ಎಂದು ನೀನು ಕೇಳಬಹುದು. ವೀಡಿಯೋ ಮಾಡಿಸಿದ್ದೇವಲ್ಲ, ಬೇಕಾದಾಗ ನೋಡಿಕೊಂಡರಾಯಿತು ಎಂದು ಎಲ್ಲರೂ ಸುಮ್ಮನಿದ್ದರು. ನಿನ್ನನ್ನು ನಂಬಿದ್ದರು. ನಿನ್ನ ಷರತ್ತಿನ ಕಾಗದದ ಏಳನೆಯ ಸಾಲನ್ನು ಅವರಲ್ಲಿ ಯಾರೂ ಓದಿರಲಿಲ್ಲ: ಮೂಲ ಚಿತ್ರೀಕರಣವನ್ನು ತೊಂಬತ್ತು ದಿನಗಳ ನಂತರ ಅಳಿಸಲಾಗುವುದು. ಡಿಸ್ಕಿನಲ್ಲಿ ಜಾಗ ಬೇಕಲ್ಲ, ಮುಂದಿನ ಗಿರಾಕಿ ಕಾಯುತ್ತಿರುತ್ತಾನೆ. ನಾನೂ ಕಸುಬಿನವಳು, ಅದು ನನಗೆ ಗೊತ್ತು. ಗೊತ್ತಿದ್ದರೂ ಸಿಟ್ಟು ಇಳಿಯುವುದಿಲ್ಲ.

ಹೋದ ವರ್ಷ ನಿನ್ನ ಡಿಸ್ಕಿನ ಮೂಲೆಯಲ್ಲಿ ಬೇರೊಂದು ಕಡತ ಸಿಕ್ಕಿತು. ನೀನು ಹೆಸರು ಮಾಡಿದ ಮೇಲೆ ಹೊಸಬರಿಗೆಂದು ಮಾಡಿದ ಪಾಠಗಳು: ಒಬ್ಬನೇ ವೀಡಿಯೋಗ್ರಾಫರ್, ದೊಡ್ಡ ಬಿಸಿನೆಸ್. ಗಿರಾಕಿಯ ಜೊತೆ ಹೇಗೆ ಮಾತಾಡಬೇಕು, ಡ್ರೋನ್ ಯಾವಾಗ ಹಾರಿಸಬೇಕು, ಎಲ್ಲ ಚೆನ್ನಾಗಿಯೇ ಹೇಳಿದ್ದೀಯ. ಆರನೆಯ ಪಾಠ ಸದ್ದಿನ ಬಗ್ಗೆ. ಕೆಟ್ಟ ಸದ್ದಿಗೆ ಉದಾಹರಣೆಯಾಗಿ ಹನ್ನೊಂದು ಸೆಕೆಂಡಿನ ತುಣುಕು ಹಾಕಿದ್ದೀಯ. ಅರಿಶಿನದ ಮಣೆ, ಸುತ್ತ ಹೆಂಗಸರು, ನಡುವೆ ನಿನ್ನವ್ವ. ಮೊದಲ ಎರಡು ಸೆಕೆಂಡು ಅವಳ ದನಿ ಇದೆ: "ಎಣ್ಣೆ ಅರಿಸ್ನವಾ..." ಅಷ್ಟೇ. ಆಮೇಲೆ ನೀನು: "ಕೇಳಿಸ್ತಾ ಇದ್ಯಾ ಫ್ರೆಂಡ್ಸ್, ಈ ಗಲಾಟೆ? ಇದನ್ನ ಫುಲ್ ಜೀರೋ ಮಾಡ್ಬಿಡಿ. ಇಲ್ಲಾಂದ್ರೆ ಕಸ್ಟಮರ್ ವಾಪಸ್ ಬರಲ್ಲ." ಹೇಳುತ್ತಲೇ ಅವಳ ದನಿಯನ್ನು ಪೂರ್ತಿ ಕೆಳಗಿಳಿಸಿದ್ದೀಯ. ನಿನ್ನ ಮಾತನ್ನು ಬೇರ್ಪಡಿಸಿದರೆ ಅಡಿಯಲ್ಲಿ ಅವಳು ಸಿಕ್ಕಾಳೆಂದು ನಮ್ಮ ಯಂತ್ರಗಳಿಗೆ ಕೊಟ್ಟು ನೋಡಿದೆ. ಅಡಿಯಲ್ಲಿ ಏನೂ ಇರಲಿಲ್ಲ.

ಅದೇ ಯಂತ್ರಗಳು ಬೇಕೆಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಸಾವಿರ ಸೋಬಾನೆ ಹೊಸೆದು ಕೊಡುತ್ತವೆ. ಅವು ಕಲಿತದ್ದೂ ನಿನ್ನ ಸಿನಿಮಾ ಟ್ಯೂನಿನಿಂದಲೇ. ಚಿಗುರಿ ಒಂದನ್ನು ಕೇಳಿ ಕೈ ಮುಗಿದು ಎದ್ದುಹೋದಳು.

ನಾಳೆ ಏನಾಗುತ್ತದೆಂದು ಹೇಳುತ್ತೇನೆ. ನೂರು ವರ್ಷದಲ್ಲಿ ಮೊದಲ ಸಲ ನಮ್ಮ ಹೆಂಗಸರು ದನಿ ತೆಗೆಯುತ್ತಾರೆ. "ಎಣ್ಣೆ ಅರಿಸ್ನವಾ" ಎಂದು ಎರಡು ಸೆಕೆಂಡು ಹಾಡಿ, ಆಮೇಲೆ ಎಂದಿನಂತೆ ತುಟಿ ಆಡಿಸುತ್ತಾರೆ. ಒಂದು ತಿಂಗಳಿಂದ ಅಭ್ಯಾಸ ನಡೆದಿದೆ. ದನಿ ನಿಲ್ಲುವ ಜಾಗಕ್ಕೆ ಬಂದಾಗಲೆಲ್ಲ ನನಗೆ ಅಳು ಬರುತ್ತದೆ, ನಿನ್ನ ಮೇಲೆ ಸಿಟ್ಟೂ ಬರುತ್ತದೆ.

ಹಿಂದಕ್ಕೆ ಹೋಗುವ ಅಂಚೆ ನಮ್ಮಲ್ಲೂ ಇಲ್ಲ. ಆದರೂ ಕೇಳುತ್ತೇನೆ. ಗಿರಾಕಿಗೆ ಅವನು ಕೇಳಿದ ಸಿನಿಮಾವನ್ನೇ ಕೊಡು, ನಿನ್ನ ಹೊಟ್ಟೆಪಾಡಿಗೆ ನಾನು ಕಲ್ಲು ಹಾಕುವುದಿಲ್ಲ. ಒಂದು ಸಲ ಮಾತ್ರ, ಯಾವ ಮದುವೆಯೂ ಇಲ್ಲದ ದಿನ, ನಿನ್ನವ್ವನನ್ನು ಜಗಲಿಯ ಮೇಲೆ ಕೂರಿಸಿ ಪೂರ್ತಿ ಹಾಡಿಸು. ಕ್ಯಾಮೆರಾ ಬೇಡ, ಮೈಕು ಸಾಕು. ನೀನು ಬಾಯಿ ಮುಚ್ಚಿಕೊಂಡು ಕೂರು.

ನಿನ್ನೆ ಅಭ್ಯಾಸ ಮುಗಿದ ಮೇಲೆ ಚಿಗುರಿ ಕೇಳಿದಳು, "ಅರಿಸ್ನವಾ ಆದ್ಮೇಲೆ ಏನವ್ವ?"

ಅದು ನಿನಗೆ ಗೊತ್ತಿದೆ, ಗುರುಮಲ್ಲು. ನಿನ್ನವ್ವ ಹಾಡುವಾಗ ನೀನು ಅಲ್ಲೇ ಇದ್ದೆ.

ಪುಟ್ಟಮಾದಿ