ಏಳು ಅಂದಿದ್ದಕ್ಕೆ

ಚಳ್ಳಕೆರೆ
3-3-1998

ಮೇಷ್ಟ್ರಾದ ಅಳಿಯಂದ್ರಿಗೆ ಮಾವ ಗಾದ್ರಪ್ಪನ ನಮಸ್ಕಾರ. ಇಲ್ಲಿ ಎಲ್ರೂ ಸೌಖ್ಯ. ನಾನಂತೂ ಶೇಂಗಾ ಮಿಲ್ಲಿನ ಧೂಳು ತಿಂದು ದಪ್ಪ ಆಗ್ತಿದೀನಿ.

ಮೊದಲ ದೀಪಾವಳಿಗೆ ಬಂದಾಗ ಊಟಕ್ಕೆ ಕೂತು ಒಂದು ಲೆಕ್ಕ ಕೇಳಿದ್ರಲ್ಲ. ಒಂದೂರಾಗೆ ಮೂರು ರೂಪಾಯಿದು, ಐದು ರೂಪಾಯಿದು ಎರಡೇ ನಾಣ್ಯ. ಚಿಲ್ಲರೆ ವಾಪಸ್ ಕೊಡಂಗಿಲ್ಲ. ಹೊಂದಿಸಕ್ಕೆ ಆಗ್ದಿರೋ ಅತಿ ದೊಡ್ಡ ಮೊತ್ತ ಎಷ್ಟು ಅಂತ. ನಾನು "ನನ್ನ ಸಂಬಳ" ಅಂದೆ, ಎಲ್ರೂ ನಕ್ರು. ಹೋಳಿಗೆ ಬಡಿಸ್ತಿದ್ದ ನನ್ ಮಗಳು ಸುನಿತಾ ಥಟ್ ಅಂತ "ಏಳು" ಅಂದ್ಲು. "ಮೇಷ್ಟ್ರಿಗೇ ಮೇಷ್ಟ್ರು ಸಿಕ್ಕಿದ್ಲು ಕಣಲೇ" ಅಂತ ನಿಮ್ಮಣ್ಣ ನಗಬಾರದಿತ್ತು. ನೀವು ಅರ್ಧ ಊಟಕ್ಕೇ ಎದ್ರಿ.

ಈಗ ಅವಳು ಪಿಯುಸಿ ಪರೀಕ್ಷೆ ಬರೆಯೋದೇ ಬ್ಯಾಡ ಅಂದಿದೀರಂತೆ. ಹಾಲ್ ಟಿಕೆಟ್ ನಾನೇ ಕಾಲೇಜಿಂದ ತಂದಿಟ್ಟಿದೀನಿ. ಮುಂದಿನ ಬುಧವಾರ ಮೊಳಕಾಲ್ಮೂರಿಗೆ ಬರ್ತೀನಿ, ಮಗಳನ್ನ ನನ್ ಜೊತೆ ಕಳಿಸ್ರಿ. ಆ ಉತ್ತರ ನೀವೇ ಅವಳಿಗೆ ಮೊದ್ಲೇ ಹೇಳಿಕೊಟ್ಟಿದ್ರಿ ಅಂತ ಊರಿಗೆಲ್ಲ ಸಾರ್ತೀನಿ. ನಿಮ್ಮಣ್ಣನಿಗೂ ಹೇಳ್ತೀನಿ.

ಇನ್ನೂ ಸಮಾಧಾನ ಇಲ್ಲ ಅಂದ್ರೆ, ಪರೀಕ್ಷೆಯಾಗೆ ಯಾವ ಲೆಕ್ಕಕ್ಕಾದ್ರೂ ಏಳು ಅಂತ ಉತ್ತರ ಬಂದ್ರೆ, ಅದೊಂದನ್ನ ಬರೀದೆ ಬಿಟ್ಟು ಬಾರವ್ವ ಅಂತ ಮಗಳಿಗೆ ಹೇಳ್ತೀನಿ.

ಬುಧವಾರ ಬರೋ ನಿಮ್ಮ ಮಾವ,
ಗಾದ್ರಪ್ಪ