ಅತ್ತೆಯ ಕೋಸಿನ ಮೇಲಿನ ಕಲ್ಲು

ಕ್ಷಮಿಸಕ್ಕಾ, ಮೊದಲು ಫೋನಲ್ಲಿ ಮಾತಾಡಿದ್ದು ಅರ್ಧಕ್ಕೇ ನಿಂತೋಯ್ತು, ಮತ್ತೆ ಶುರು ಮಾಡ್ತೀನಿ. ಇಲ್ಲಿ ತರ್ಗೊವಿಷ್ಟೆ ಊರಲ್ಲಿ ನಮ್ಮತ್ತೆ ಎಲೆಕೋಸು ಹುಳಿ ಬರಿಸೋ ಪೀಪಾಯಿ ಮೇಲೆ ಹೇರೋ ಕಲ್ಲಿದೆಯಲ್ಲ, ಅದು ಹಳೇ ರಾಜರ ಅರಮನೆ ಕಿಟಕಿಯದಂತೆ! ಕೆತ್ತನೆ ನೋಡಿ ನಾನೇ ಬಾಯಿ ತಡೀದೆ ಮ್ಯೂಸಿಯಮ್ಮಿನ ಓವಿದಿಯುಗೆ ಹೇಳ್ಬಿಟ್ಟೆ. ಅವನು ಬಂದು ಕಲ್ಲು ಕೇಳಿದ. “ಕೊಟ್ರೆ ನನ್ನ ಕೋಸಿನ ಮೇಲೆ ನಿಮ್ಮ ರಾಜರು ಬಂದು ಕೂರ್ತಾರೇನಪ್ಪ?” ಅಂದ್ರು ಅತ್ತೆ. ಅವತ್ತಿಂದ ನನ್ನ ಹತ್ರ ಮಾತೇ ಇಲ್ಲ, ಮೂರು ದಿನ ಆಯ್ತು. ಇವತ್ತು ಓವಿದಿಯು ಆ ಕಲ್ಲಿಗೆ ಬದಲಾಗಿ ಹೊಳೆಯಿಂದ ಒಂದು ದುಂಡುಕಲ್ಲು ಹೊತ್ತು ತಂದ. ಅತ್ತೆ ಅದನ್ನ ತಿಕ್ಕಿ ತಿಕ್ಕಿ ತೊಳೀತಿದ್ದಾರೆ. ನೀನು ಕೇಳಿದ್ಯಲ್ಲ, ನನ್ನ ಮಂಡಿನೋವು ಪರವಾಗಿಲ್ಲ. ಇರಕ್ಕ, ಕರೀತಿದ್ದಾರೆ: “ಅಳಿಯಂದ್ರೇ, ಬಾಯಿ ಸಾಕು, ಕೈ ಕೊಡಿ, ರಾಜರ ಕಲ್ಲು ಎತ್ತಬೇಕು!” ಕೇಳಿಸ್ತಾ? ಮಾತಾಡಿದ್ರು! ಇಡ್ತೀನಿ.