ಸಣ್ಣಕ್ಷರದ ಹಾಳೆ

ಮಾರ್ಚ್ ೧೧, ಮಂಗಳವಾರ

ಆ ಪತ್ರ ಇನ್ನೂ ತಲೆ ಕೊರೆಯುತ್ತಿದೆ. ನಮ್ಮ ಕಂಪನಿಯ ಪ್ರತಿ ಟಿವಿ ಬಾಕ್ಸಿನಲ್ಲೂ ನಾನು ಬರೆದ ಹಾಳೆಯೊಂದಿರುತ್ತದೆ: ‘ಇದರ ಸಾಫ್ಟ್‌ವೇರಿನಲ್ಲಿ ಯಾರು ಬೇಕಾದರೂ ತಿದ್ದಿ ಬಳಸಬಹುದಾದ ಮುಕ್ತ ಪರವಾನಗಿಯ ಕೋಡ್ ಇದೆ, ಕೇಳಿದವರಿಗೆ ಕೊಡುತ್ತೇವೆ.’ ಆರು ವರ್ಷ ಯಾರೂ ಕೇಳಿರಲಿಲ್ಲ. ಇವತ್ತು ಕೇಳಿದ್ದಾರೆ, ಗಡಿಯಾರ ರಿಪೇರಿ ಮಾಡುತ್ತಿದ್ದ ಮುದುಕರೊಬ್ಬರು. ಪರದೆಯ ಅಕ್ಷರ ಕಾಣುವುದಿಲ್ಲವಂತೆ. ಕೋಡ್ ಸಿಕ್ಕರೆ ಮಗಳು ಅದನ್ನು ತಿದ್ದಿ ಅಕ್ಷರ ದೊಡ್ಡದು ಮಾಡಿಕೊಡುತ್ತಾಳಂತೆ.

ಪತ್ರವನ್ನು ಮ್ಯಾನೇಜರ್ ಕೈಗೆ ಕೊಟ್ಟೆ.

“ಬಿಡಿ ಮೇಡಂ, ಉತ್ತರ ಹೋಗ್ದಿದ್ರೆ ಅವರೇ ಸುಮ್ಮನಾಗ್ತಾರೆ.”

“ಕೊಡ್ತೀವಿ ಅಂತ ನಾವೇ ಬರ್ದಿದೀವಲ್ಲ ಸರ್.”

“ಯಾರೂ ಓದ್ಬಾರ್ದು ಅಂತ ತಾನೇ ಅಷ್ಟು ಸಣ್ಣಕ್ಷರ?”

ಪತ್ರ ವಾಪಸ್ ತೆಗೆದುಕೊಂಡು ನನ್ನ ಮೇಜಿಗೆ ಬಂದೆ. ಅಕ್ಷರ ಸಣ್ಣದು ಮಾಡಿದವಳು ನಾನೇ.

ಪತ್ರದ ಕೊನೆಯ ಸಾಲು: ‘ನಿಮ್ಮ ಹಾಳೆಯನ್ನು ಭೂತಗನ್ನಡಿ ಹಿಡಿದು ಓದಲು ಎರಡು ದಿನವಾಯಿತು. ಕೇಳಿದವರಿಗೆ ಕೊಡುತ್ತೇವೆ ಎಂದು ಬರೆದವರು ದೊಡ್ಡ ಮನಸ್ಸಿನವರಿರಬೇಕು.’